ಮನೆಯಲ್ಲಿ ಇಸಾನ್, ಶಾಲೆಯಲ್ಲಿ ಬ್ಯಾಂಕಾಕ್: ಮಗುವಿನ ಥಾಯ್ ಯಾವುದಾಗಬೇಕು?

ಪ್ರಶ್ನೆ: ಇರೋದು ಬ್ಯಾಂಕಾಕ್‌ನಲ್ಲಿ. ಮಗು ನೋಡ್ಕೊಳ್ಳೋರು ಇಸಾನ್ (ಥಾಯ್ಲೆಂಡಿನ ಈಶಾನ್ಯ ಭಾಗ) ಕಡೆಯವರು. ಮಗು "ಇಲ್ಲ, ಬೇಡ" ಅನ್ನೋದಕ್ಕೆ "ಮೈ" ಬಿಟ್ಟು "ಬೊ" ಅಂತಿದೆ. ಈ ವರ್ಷ ಥಾಯ್ ಶಾಲೆಗೆ ಸೇರಿಸ್ತಿದ್ದೀವಿ, ಬಿಡಿಸಬೇಕಾ?

ಉತ್ತರ (ಬ್ಯಾಂಕಾಕ್): ಬಿಡಿಸಬೇಡಿ. ಅದು ತಪ್ಪು ಥಾಯ್ ಅಲ್ಲ. ಈಶಾನ್ಯ ಭಾಗದ ಮಾತು, ಲಾವೋಸಿನ ಭಾಷೆಗೆ ತೀರಾ ಹತ್ತಿರ. ಶಾಲೆಯ ಪಾಠ, ಪರೀಕ್ಷೆ ನಡೆಯುವುದು ಮಧ್ಯ ಥಾಯ್‌ನಲ್ಲಿ, ಅಂದರೆ ಬ್ಯಾಂಕಾಕ್ ಕಡೆಯ ಥಾಯ್‌ನಲ್ಲಿ. ಯಾರ ಹತ್ತಿರ ಯಾವುದು ಅಂತ ಮಗುವಿಗೆ ತಿಳಿದರೆ ಸಾಕು, ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ.

ನಿಜವಾದ ತೊಂದರೆ ಬರೋದು ಉಕ್ತಲೇಖನದಲ್ಲಿ, ಅದೂ "ರ" ಅಕ್ಷರದಲ್ಲಿ. ಕಲಿಯುವುದಕ್ಕೆ "ರಿಯನ್" ಅನ್ನಬೇಕು. ಇಸಾನ್ ಬಾಯಲ್ಲಿ ಅದು "ಹಿಯನ್". ಬ್ಯಾಂಕಾಕ್ ಬೀದಿಯಲ್ಲಿ "ಲಿಯನ್". ಕೇಳಿದ ಹಾಗೇ ಬರೆದರೆ ಬೇರೆ ಪದವೇ ಆಗಿಬಿಡುತ್ತೆ, ಲಿಯನ್ ಅಂದರೆ ಅನುಕರಿಸು. ಅದಕ್ಕೇ ಮಾತಾಡುವಾಗ ತಿದ್ದಬೇಡಿ. ಗಟ್ಟಿಯಾಗಿ ಓದಿಸುವಾಗ ಮಾತ್ರ ನಾಲಿಗೆ ಮಿಡಿಸಿ "ರ" ಹೇಳಿಸಿ.

ಒಂದು ನೋಟ್‌ಬುಕ್ ಇಡಿ, ಕನ್ನಡ ಅಕ್ಷರದಲ್ಲಿ. ಎಡಕ್ಕೆ ಶಾಲೆಯ ಪದ, ಬಲಕ್ಕೆ ಮನೆಯದು: "ಎಲ್ಲಿಗೆ" ಅನ್ನಲು ಪೈ ನೈ / ಪೈ ಸೈ, "ಏನು" ಅನ್ನಲು ಅರೈ / ಯಂಗ್, ಇಪ್ಪತ್ತಕ್ಕೆ ಯೀಸಿಪ್ / ಸಾವ್. ಇಂಗ್ಲಿಷ್ ಕಾಗುಣಿತಕ್ಕಿಂತ ಕನ್ನಡವೇ ವಾಸಿ, ಯಾಕಂದ್ರೆ ಮಹಾಪ್ರಾಣ ಕಣ್ಣಿಗೆ ಕಾಣುತ್ತೆ. ಕೈ ಅಂದ್ರೆ ಕೋಳಿ, ಖೈ ಅಂದ್ರೆ ಮೊಟ್ಟೆ. ಎರಡಕ್ಕೂ ತಗ್ಗಿದ ಸ್ವರವೇ (ಇಲ್ಲಿ ಸ್ವರ ಅಂದ್ರೆ ದನಿಯ ಏರಿಳಿತ, ಅ-ಆ ಅಲ್ಲ), ವ್ಯತ್ಯಾಸ ಇರೋದು ಉಸಿರಿನಲ್ಲಿ ಮಾತ್ರ. ಆಡುಮಾತಿನಲ್ಲಿ ನಾವು ಮಹಾಪ್ರಾಣ ನುಂಗಿಬಿಡ್ತೀವಿ, ಇಲ್ಲಿ ನುಂಗಿದರೆ ತಟ್ಟೆಗೆ ಕೋಳಿ ಬರುತ್ತೆ. ಬಾಯಿ ಮುಂದೆ ಅಂಗೈ ಹಿಡಿದು ಹೇಳಿಸಿ, ಖೈಗೆ ಗಾಳಿ ತಾಗಬೇಕು.

ಸ್ವರದ ಏರಿಳಿತಕ್ಕೆ ಮಾತ್ರ ನಮ್ಮ ಲಿಪಿಯಲ್ಲಿ ಗುರುತಿಲ್ಲ. ಪದದ ಮೇಲೆ ಗೆರೆ, ಬಾಣ ಹಾಕಿ. "ಮಾ" ಸಮವಾಗಿದ್ದರೆ ಬಾ, ಎತ್ತರದಲ್ಲಿದ್ದರೆ ಕುದುರೆ, ಕೆಳಗಿಂದ ಮೇಲೇರಿದರೆ ನಾಯಿ. ಮಧ್ಯ ಥಾಯ್‌ಗೆ ಐದು ಸ್ವರ. ಇಸಾನ್‌ನಲ್ಲಿ ಲೆಕ್ಕ ಊರಿಂದೂರಿಗೆ ಬದಲು, ಹಾಗಾಗಿ ಬಾಣಗಳನ್ನು ಶಾಲೆಯ ಪದಗಳಿಗೆ ಮಾತ್ರ ಹಾಕಿ, ಇಲ್ಲದಿದ್ದರೆ ಗೊಂದಲ.

ಮರ್ಯಾದೆಯ ವಿಷಯದಲ್ಲಿ ಒಂದನ್ನು ಮೊದಲ ದಿನವೇ ಹೇಳಿಕೊಡಿ. ಇಸಾನ್‌ನಲ್ಲಿ "ಖೊಪ್ ಚೈ" ಯಾರಿಗಾದರೂ ಹೇಳಬಹುದಾದ ಥ್ಯಾಂಕ್ಸ್. ಬ್ಯಾಂಕಾಕ್‌ನಲ್ಲಿ ಅದು ಕಿರಿಯರಿಗೆ ಹೇಳೋದು, ಟೀಚರ್‌ಗೆ "ಖೊಪ್ ಖುನ್" ಅನ್ನಲೇಬೇಕು. ಇಸಾನ್‌ನವರು ಗಂಡು ಹೆಸರಿನ ಮುಂದೆ ಸಲುಗೆಗೆ ಹಚ್ಚುವ "ಬಕ್" ಕೂಡ ಮನೆಯಲ್ಲೇ ಇರಲಿ.

ಉತ್ತರ (ಚಿಯಾಂಗ್ ಮಾಯ್): ಉತ್ತರದ ಮಾತಿಗೆ ಇಲ್ಲಿ ಕಮ್ ಮುವಾಂಗ್ ಅಂತಾರೆ, ಆರು ಸ್ವರ. ಬ್ಯಾಂಕಾಕಿನ ಎಷ್ಟೋ ಮಹಾಪ್ರಾಣ ಇಲ್ಲಿ ಅಲ್ಪಪ್ರಾಣ. ಆನೆ ಅಲ್ಲಿ ಛಾಂಗ್, ಇಲ್ಲಿ ಚಾಂಗ್, ಇಸಾನ್‌ನಲ್ಲಿ ಸಾಂಗ್. ಅಪ್ಪ ಅಲ್ಲಿ ಫೊ, ಇಲ್ಲಿ ಪೊ. ಆ "ಫ"ವನ್ನು ತುಟಿ ಮುಚ್ಚಿ ಉಸಿರು ಬಿಟ್ಟು ಹೇಳಿ, ಫ್ಯಾನ್‌ನ ಫ ಥಾಯ್‌ನಲ್ಲಿ ಬೇರೆಯೇ ಅಕ್ಷರ. ಇದೇ ನಿಯಮದಲ್ಲಿ ಅಕ್ಕ ಅಥವಾ ಅಣ್ಣ ಅನ್ನುವ "ಫೀ" ಇಲ್ಲಿ "ಪೀ" ಆಗುತ್ತೆ. ಬ್ಯಾಂಕಾಕ್ ಕಿವಿಗೆ ಆ "ಪೀ" ಅಸಭ್ಯ ಪದದ ಹಾಗೆ ಕೇಳಿಸುತ್ತೆ, ಅಲ್ಲಿಗೆ ಮನೆ ಬದಲಿಸೋರು ಎಚ್ಚರ.

ಹೆಂಗಸರು ವಾಕ್ಯದ ಕೊನೆಗೆ "ಖ" ಬದಲು "ಚಾವ್" ಅಂತಾರೆ, ಗಂಡು ಮಕ್ಕಳು ಅದನ್ನು ಕಲೀಬಾರದು, ಅವರಿಗೆ "ಖಪ್". ಇದೇ "ಚಾವ್" ಇಸಾನ್‌ನಲ್ಲಿ "ನೀವು". ಇಲ್ಲಿ "ಯಿನ್‌ದೀ" ಅಂದ್ರೆ ಧನ್ಯವಾದ. ಬ್ಯಾಂಕಾಕ್‌ನಲ್ಲಿ ಸಂತೋಷ ಅಂತ.

ಉತ್ತರ (ಫುಕೆಟ್): ದಕ್ಷಿಣದವರು ವೇಗವಾಗಿ ಮಾತಾಡ್ತಾರೆ, ಪದದ ಮೊದಲ ತುಂಡು ಬಿಟ್ಟುಬಿಡ್ತಾರೆ. ತಲಾತ್ (ಸಂತೆ) ಇಲ್ಲಿ ಲಾತ್, ಮಲಕೊ (ಪರಂಗಿ) ಇಲ್ಲಿ ಲೊಕೊ. ರುಚಿಯಾಗಿದೆ ಅನ್ನುವ "ಅರೊಯ್" ಇಲ್ಲಿ ಬರೀ "ರೊಯ್", ಅದೇ ಚಿಯಾಂಗ್ ಮಾಯ್‌ನಲ್ಲಿ "ಲಮ್", ಇಸಾನ್‌ನಲ್ಲಿ "ಸ್ಯಾಪ್". ಅರ್ಥ ಆಗದಿದ್ದರೆ ಕೇಳಿದ ಪದದ ಮುಂದೆ ಒಂದು ತುಂಡು ಸೇರಿಸಿ ನೋಡಲು ಮಗುವಿಗೆ ಹೇಳಿಕೊಡಿ, ಸುಮಾರು ಸಲ ಸಿಕ್ಕಿಬಿಡುತ್ತೆ. ಅನಾನಸ್‌ಗೆ ಮಾತ್ರ ಈ ಉಪಾಯ ನಡೆಯಲ್ಲ: ಬ್ಯಾಂಕಾಕಿನ ಸಪ್ಪರೊತ್ ಇಲ್ಲಿ ಯಾನತ್, ಇಸಾನ್‌ನಲ್ಲಿ ಬಕ್ ನತ್.