ಅಪ್‌ಡೇಟ್: ಅಮ್ಮನೊಂದಿಗೆ ಕುದುರೆಮುಖಕ್ಕೆ ಹೋಗಿಬಂದೆವು

ಎಪ್ಪತ್ತರ ಸಮೀಪದ ಅಮ್ಮನನ್ನು ಉಡುಪಿಯಿಂದ ಕುದುರೆಮುಖಕ್ಕೆ ಕರೆದೊಯ್ಯಬಹುದೇ, ಶಿಖರ ಏರದವರಿಗೆ ಅಲ್ಲಿ ನೋಡಲು ಏನಿದೆ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಕಾರ್ಕಳ, ಬಜಗೋಳಿ, ಮಾಳ ದಾಟಿ ಘಾಟಿ ಏರಿದೆವು. ರಾಷ್ಟ್ರೀಯ ಉದ್ಯಾನದೊಳಗೆ ಎಲ್ಲೆಂದರಲ್ಲಿ ವಾಹನ ನಿಲ್ಲಿಸುವಂತಿಲ್ಲವಾದ್ದರಿಂದ, ತಿಂಡಿಯನ್ನು ಬಜಗೋಳಿಯಲ್ಲೇ ಮುಗಿಸಿರೆಂದವರ ಮಾತು ಬಹಳ ಉಪಕಾರವಾಯಿತು. ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು, ಕಣಿವೆಗಳಲ್ಲಿ ಮಾತ್ರ ದಟ್ಟ ಕಾಡು ಇರುವುದನ್ನು ಕಂಡು, ಮರಗಳನ್ನೆಲ್ಲ ಕಡಿದುಬಿಟ್ಟರೇ ಎಂದು ಅಮ್ಮ ಕೇಳಿದರು. ಎತ್ತರದ ಘಟ್ಟದ ಶೋಲಾ ಕಾಡಿನ ಸ್ವಭಾವವೇ ಅದೆಂದೂ, ಈ ಹುಲ್ಲು ಮತ್ತು ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆಂದೂ, ನಮ್ಮ ನೇತ್ರಾವತಿ ಹುಟ್ಟುವುದು ತುಂಗಾ, ಭದ್ರಾ ನದಿಗಳ ಜೊತೆಗೆ ಇಲ್ಲಿನ ಗಂಗಾಮೂಲದಲ್ಲೇ ಎಂದೂ ವಿವರಿಸಿದಾಗ ಅವರು ಕಾರಿನೊಳಗಿಂದಲೇ ಕೈಮುಗಿದರು.

ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಕೊನೆಯಲ್ಲಿ. ಅದಿರನ್ನು ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದ ಕಾಲದ ಗಣಿ ಪಟ್ಟಣದ ಖಾಲಿ ಮನೆಗಳು, ನನ್ನ ಮಟ್ಟಿಗೆ, ಜಲಪಾತಗಳಿಗಿಂತ ಹೆಚ್ಚು ಕಾಡಿದವು.

ಸಂಸೆಯ ಹೋಂಸ್ಟೇಯಲ್ಲಿ ಉಳಿದೆವು. ಮರುದಿನ ನನ್ನ ತಮ್ಮ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಮುಳ್ಳೋಡಿಯಿಂದ ಶಿಖರಕ್ಕೆ ಹೊರಟ. ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ. ನಾನು ಅಮ್ಮನನ್ನು ಕಳಸೇಶ್ವರನ ದರ್ಶನಕ್ಕೆ ಕರೆದೊಯ್ದೆ. ಇಂಬಳಗಳ ಬಗ್ಗೆ ನೀವು ಕೊಟ್ಟ ಎಚ್ಚರಿಕೆಯನ್ನು ತಮ್ಮ ನಕ್ಕು ತಳ್ಳಿಹಾಕಿದ್ದ. ಸಂಜೆ ಅವನ ಕಾಲುಚೀಲ ಕಳಚಿದಾಗ ನಕ್ಕವರು ಅಮ್ಮ.