ಪ್ರಶ್ನೋತ್ತರ: ಸೇವೆ ನಿಂತರೂ ಸ್ಟೇಟಸ್ ಪೇಜ್ ಹಸಿರಾಗಿರುವುದೇಕೆ?

ನಿರ್ವಾಹಕರು: ಸರ್ವರ್ ನಿರ್ವಹಣೆಯಲ್ಲಿ 16 ವರ್ಷ ದುಡಿದ ನಮ್ಮ ಸದಸ್ಯರೊಬ್ಬರು ಇಂದು ಕ್ಲೌಡ್ ಸೇವೆಗಳ (ಬೇರೆ ಕಂಪನಿಯ ಸರ್ವರ್‌ಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಬಳಸುವ ಸೇವೆ) ನಿಲುಗಡೆಯ ಬಗ್ಗೆ ಉತ್ತರಿಸಲು ಒಪ್ಪಿದ್ದಾರೆ. ಮೇಲಿನ ಉತ್ತರಗಳನ್ನು ಓದಿದ ಬಳಿಕವೇ ಪ್ರಶ್ನೆ ಕೇಳಬೇಕೆಂದು ವಿನಂತಿ.

ಮೈಸೂರಿನ ಸದಸ್ಯೆ: ಸೇವೆ ನಿಂತು ಗಂಟೆ ಕಳೆದರೂ ಅದರ ಸ್ಥಿತಿ ತಿಳಿಸುವ ಸ್ಟೇಟಸ್ ಪೇಜ್‌ನಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಕಂಪನಿಗಳು ಬೇಕೆಂದೇ ಸುಳ್ಳು ಹೇಳುತ್ತವೆಯೇ?

ಇಂಜಿನಿಯರ್: ಆ ಪುಟವನ್ನು ಮೀಟರ್ ಎಂದು ತಿಳಿದರೆ ಸುಳ್ಳೆನಿಸುತ್ತದೆ, ಆದರೆ ಅದು ಪ್ರಕಟಣೆಯ ಫಲಕ. ಸಾಮಾನ್ಯವಾಗಿ ಯಾರೋ ಒಬ್ಬರು ತೊಂದರೆಯನ್ನು ಖಚಿತಪಡಿಸಿಕೊಂಡು, ಮೇಲಿನವರ ಒಪ್ಪಿಗೆ ಪಡೆದ ನಂತರವೇ ಅದರ ಬಣ್ಣ ಬದಲಾಗುತ್ತದೆ. ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದ ಕಮಾಂಡ್ ಒಂದನ್ನು ತಪ್ಪಾಗಿ ಕೊಟ್ಟಿದ್ದರಿಂದ ಕಡತಗಳನ್ನು ಇಡುವ ಎಸ್3 ಸೇವೆ ನಿಂತಿತು. ಸ್ಟೇಟಸ್ ಪೇಜ್ ತಿದ್ದುವ ಸಾಧನವೂ ಅದೇ ಎಸ್3 ಅನ್ನು ಅವಲಂಬಿಸಿದ್ದರಿಂದ, ಸುಮಾರು ಎರಡು ಗಂಟೆ ಆ ಪುಟವನ್ನು ತಿದ್ದಲಾಗದೆ ಕಂಪನಿಯವರು ಟ್ವಿಟರ್‌ನಲ್ಲಿ ಮಾಹಿತಿ ಕೊಡಬೇಕಾಯಿತು. 2025ರ ಜೂನ್ 12ರಂದು ಗೂಗಲ್ ಕ್ಲೌಡ್ ನಿಂತಾಗಲೂ ಹಾಗೆಯೇ ಆಯಿತು. ಸೇವೆಯ ಜೊತೆಗೆ ಅದರ ಸ್ಥಿತಿ ತಿಳಿಸುವ ವ್ಯವಸ್ಥೆಯೂ ಮಲಗಿದ್ದರಿಂದ ಮೊದಲ ಪ್ರಕಟಣೆ ಬರಲು ಒಂದು ಗಂಟೆಯ ಹತ್ತಿರ ಹಿಡಿಯಿತು. ಮನೆಗೆ ಬೆಂಕಿ ಬಿದ್ದಾಗ ಕೂಗಬೇಕಾದ ಗಂಟೆಯನ್ನು ಅದೇ ಮನೆಯೊಳಗೆ ಕಟ್ಟಿದಂತಾಗಿದೆ.

ತುಮಕೂರಿನ ಸದಸ್ಯ: 99.99 ಪ್ರತಿಶತ ಸಮಯ ಸೇವೆ ಇರುತ್ತದೆ ಎಂದು ಒಪ್ಪಂದದಲ್ಲಿ ಬರೆದಿದ್ದಾರೆ. ಸೇವೆ ನಿಂತರೆ ಪರಿಹಾರ ಸಿಗುವುದೇ?

ಇಂಜಿನಿಯರ್: 30 ದಿನಗಳ ತಿಂಗಳಲ್ಲಿ ಅದರರ್ಥ ಸುಮಾರು 4 ನಿಮಿಷ 19 ಸೆಕೆಂಡುಗಳ ನಿಲುಗಡೆಗೆ ಮಾತ್ರ ಅವಕಾಶ. ಮೀರಿದರೆ ಸಾಮಾನ್ಯವಾಗಿ ಮುಂದಿನ ಬಿಲ್‌ನಲ್ಲಿ ಒಂದು ಪಾಲು ಕಡಿತವಾಗುತ್ತದೆಯೇ ಹೊರತು ನಿಮ್ಮ ವ್ಯಾಪಾರದ ನಷ್ಟ ತುಂಬಿಬರುವುದಿಲ್ಲ. ಅದನ್ನೂ ನೀವೇ ಅವಧಿಯೊಳಗೆ, ದಿನಾಂಕ, ವೇಳೆ ಮತ್ತು ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಸಮೇತ ಅರ್ಜಿ ಹಾಕಿ ಕೇಳಬೇಕು.

ಮಂಗಳೂರಿನ ಸದಸ್ಯ: ಹಲವು ಗುಂಪುಗಳಲ್ಲಿ ಬಂದ ಸಂದೇಶವಿದು: ‘ಕ್ಲೌಡ್ ನಿಂತಾಗ ಎಲ್ಲ ಸರ್ವರ್ ಮತ್ತು ಯಂತ್ರಗಳನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಡಿಎನ್‌ಎಸ್ ಅನ್ನು 8.8.8.8ಕ್ಕೆ ಬದಲಿಸಿ. ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ.’ ಇದು ನಿಜವೇ?

ಇಂಜಿನಿಯರ್: ದಯವಿಟ್ಟು ಇದನ್ನು ಇನ್ನೊಬ್ಬರಿಗೂ ಕಳುಹಿಸಬೇಡಿ. ಡಿಎನ್‌ಎಸ್ ಎಂದರೆ ಹೆಸರು ಕೊಟ್ಟರೆ ಸರ್ವರ್‌ನ ವಿಳಾಸ ಹುಡುಕಿಕೊಡುವ ವ್ಯವಸ್ಥೆ, 8.8.8.8 ಎನ್ನುವುದು ಗೂಗಲ್‌ನ ಡಿಎನ್‌ಎಸ್ ಸರ್ವರ್. 2025ರ ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ 12:18ರ ಹೊತ್ತಿಗೆ, ವರ್ಜೀನಿಯಾದಲ್ಲಿ ಅಮೆಜಾನ್‌ನ ಡೇಟಾಬೇಸ್ ಸೇವೆಯಾದ ಡೈನಮೋಡಿಬಿಯ ಡಿಎನ್‌ಎಸ್ ದಾಖಲೆಯೇ ಖಾಲಿಯಾಯಿತು. ದಾಖಲೆಯೇ ಖಾಲಿಯಿದ್ದಾಗ ಯಾವ ಡಿಎನ್‌ಎಸ್ ಸರ್ವರ್ ಕೇಳಿದರೂ ಬರುವುದು ಅದೇ ಖಾಲಿ ಉತ್ತರ. ಅಂದು ಮೊದಲೇ ಓಡುತ್ತಿದ್ದ ಸರ್ವರ್‌ಗಳು ಓಡುತ್ತಲೇ ಇದ್ದವು. ಸರ್ವರ್‌ಗಳನ್ನು ಹೊಸದಾಗಿ ಚಾಲೂ ಮಾಡುವ ವ್ಯವಸ್ಥೆ ಪೂರ್ತಿ ಸರಿಹೋದದ್ದು ನಮ್ಮ ಕಾಲಮಾನದಲ್ಲಿ ಮರುದಿನ ಬೆಳಗಿನ ಜಾವ ಎರಡು ಗಂಟೆ ದಾಟಿದ ಮೇಲೆ. ಓಡುತ್ತಿದ್ದುದನ್ನು ಈ ಸಂದೇಶ ನಂಬಿ ನಿಲ್ಲಿಸಿದವರು ಅದನ್ನು ಮತ್ತೆ ಎಬ್ಬಿಸಲಾಗದೆ ಕೂರಬೇಕಾಗುತ್ತಿತ್ತು.

ಹಾಸನ ಜಿಲ್ಲೆಯ ಸದಸ್ಯ: ನಾನು 42 ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ರೈತರು ಹಾಲು ಸುರಿದಾಗ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಡೇರಿಯ ಯಂತ್ರದಲ್ಲಿ ದಾಖಲಾಗಿ ಚೀಟಿ ಬರುತ್ತದೆ. ಇವತ್ತು ಬೆಳಿಗ್ಗೆ 6 ಗಂಟೆಗೆ ನಾವು ಬಳಸುವ ಕ್ಲೌಡ್ ನಿಂತಿತು. ಅವರ ಸ್ಟೇಟಸ್ ಪೇಜ್ 7:10ರವರೆಗೂ ಹಸಿರಾಗಿತ್ತು, ನಾನೇ ಮಾಡಿದ ಪುಟವೂ ಹಸಿರಾಗಿಯೇ ಇತ್ತು. ತಪ್ಪು ಯಂತ್ರದ್ದೇ ಇರಬೇಕೆಂದು ತಿಳಿದ ಕಾರ್ಯದರ್ಶಿಗಳು ಮೇಲಿನ ಸಂದೇಶ ಓದಿ ಯಂತ್ರಗಳನ್ನು ಆಫ್ ಮಾಡಿ ಆನ್ ಮಾಡಿದ್ದಾರೆ.

ಇಂಜಿನಿಯರ್: ಉಳಿದ ಪ್ರಶ್ನೆಗಳು ಸ್ವಲ್ಪ ಕಾಯಲಿ. ಕಳುಹಿಸಲಾಗದ ದಾಖಲೆಗಳನ್ನು ಯಂತ್ರ ಎಲ್ಲಿ ಇಟ್ಟುಕೊಳ್ಳುತ್ತದೆ, ಆಫ್ ಮಾಡಿದರೆ ಅಳಿಸಿಹೋಗುವ ಮೆಮೊರಿಯಲ್ಲೋ, ಹಾಗೇ ಉಳಿಯುವ ಕಾರ್ಡ್‌ನಲ್ಲೋ?

ಹಾಸನ ಜಿಲ್ಲೆಯ ಸದಸ್ಯ: ಮೆಮೊರಿಯಲ್ಲಿ ಮಾತ್ರ.

ಇಂಜಿನಿಯರ್: ಹಾಗಾದರೆ ಆಫ್ ಮಾಡಿದ ಕಡೆ ಇವತ್ತಿನ ಬೆಳಗಿನ ದಾಖಲೆ ಅಳಿಸಿಹೋಗಿದೆ. ಇನ್ನೂ ಆಫ್ ಮಾಡದ ಡೇರಿ ಒಂದಿದ್ದರೂ, ಅಲ್ಲಿಗೆ ಈಗಲೇ ಫೋನ್ ಮಾಡಿ ಪ್ಲಗ್ ಮುಟ್ಟಬೇಡಿ ಎಂದು ಹೇಳಿ. ಪರದೆಯಲ್ಲಿ ಕಾಣುವ ಒಂದೊಂದು ಸಾಲಿನ ಫೋಟೋ ತೆಗೆಸಿ, ರಿಜಿಸ್ಟರ್‌ನಲ್ಲಿ ಕೈಯಿಂದ ಬರೆಸಿ. ಅಳಿಸಿಹೋದ ಕಡೆ ರೈತರು ಚೀಟಿ ಎಸೆಯುವ ಮೊದಲು ಅವನ್ನು ಕೇಳಿ ಪಡೆಯಿರಿ.

ನಿಮ್ಮ ಪುಟ ಹಸಿರಾಗಿ ಉಳಿದದ್ದೇಕೆಂದು ನಾನು ಊಹಿಸಬಲ್ಲೆ. ನಿಮಿಷಕ್ಕೊಮ್ಮೆ ಪರೀಕ್ಷಿಸುವ ಪ್ರೋಗ್ರಾಂ ಅದೇ ಖಾತೆಯಲ್ಲಿ, ಅದೇ ಕೇಂದ್ರದಲ್ಲಿತ್ತು. 6 ಗಂಟೆಗೆ ಅದೂ ಸತ್ತಿತು, 5:59ಕ್ಕೆ ಬರೆದಿಟ್ಟಿದ್ದ ‘ಸರಿ’ ಎಂಬ ಮಾತು ಮಾತ್ರ ಪುಟದಲ್ಲಿ ಉಳಿಯಿತು. ಆದ್ದರಿಂದ ‘ಕೊನೆಯ ಪರಿಶೀಲನೆ’ಯ ವೇಳೆಯನ್ನು ಬಣ್ಣದ ಪಕ್ಕದಲ್ಲೇ ತೋರಿಸಿ, ಎರಡು ನಿಮಿಷ ಸುದ್ದಿ ಬಾರದಿದ್ದರೆ ಪುಟ ತಾನಾಗಿ ಬೂದು ಬಣ್ಣಕ್ಕೆ ತಿರುಗಲಿ. ಪುಟವನ್ನೂ ಪರೀಕ್ಷಕವನ್ನೂ ಬೇರೆ ಕಂಪನಿಯ ಬಳಿ ಇಡಿ. ತೊಂದರೆಯಾದಾಗ ಸಂದೇಶ ಕಳುಹಿಸುವ ಏರ್ಪಾಡನ್ನು ತಿರುವುಮುರುವು ಮಾಡಿ: ನಿಮ್ಮ ಸರ್ವರ್ ನಿಮಿಷಕ್ಕೊಮ್ಮೆ ‘ಬದುಕಿದ್ದೇನೆ’ ಎನ್ನಲಿ, ಆ ಮಾತು ನಿಂತಾಗ ಹೊರಗಿನವರು ನಿಮ್ಮ ಫೋನ್ ಬಡಿಯಲಿ. ಪ್ರತಿ ದಾಖಲೆಯನ್ನು ಮೊದಲು ಕಾರ್ಡ್‌ಗೆ ಬರೆದು, ಆಮೇಲೆ ಕಳುಹಿಸುವಂತೆ ಯಂತ್ರದ ಪ್ರೋಗ್ರಾಂ ಅನ್ನು ಈ ವಾರವೇ ಬದಲಿಸಿ. ರೈತರ ದುಡ್ಡು ಆರಿಹೋಗುವ ಮೆಮೊರಿಯಲ್ಲಿ ಕೂರಬಾರದು.

ಕಲಬುರಗಿಯ ಸದಸ್ಯ: ಇದಕ್ಕೇ ನಾನು ಹೇಳುವುದು, ಸ್ವಂತ ಸರ್ವರ್ ಕಚೇರಿಯಲ್ಲಿಟ್ಟುಕೊಂಡರೆ ಈ ಗೋಳೇ ಇಲ್ಲ.

ಬೆಂಗಳೂರಿನ ಸದಸ್ಯೆ: ನಿಮ್ಮ ಕಚೇರಿಯಲ್ಲಿ ಕರೆಂಟ್ ಹೋದರೆ ಯಾರ ಸ್ಟೇಟಸ್ ಪೇಜ್ ನೋಡುತ್ತೀರಿ? ಕೆಟ್ಟ ಡಿಸ್ಕ್ ಬದಲಿಸಲು ರಾತ್ರಿ ಯಾರು ಬರುತ್ತಾರೆ?

ಕಲಬುರಗಿಯ ಸದಸ್ಯ: ಹನ್ನೊಂದು ವರ್ಷದಿಂದ ನಾನೇ ಬದಲಿಸುತ್ತಿದ್ದೇನೆ. ಅಮೆರಿಕದಲ್ಲಿ ಯಾರೋ ಸೀನಿದರೆ ನಮ್ಮ ಲೆಕ್ಕ ನಿಲ್ಲುವುದಿಲ್ಲ.

ಬೆಂಗಳೂರಿನ ಸದಸ್ಯೆ: ಅಮೆಜಾನ್‌ನ ಮುಂಬೈ ಕೇಂದ್ರ 2016ರಿಂದ ಇದೆ, ಹೈದರಾಬಾದ್ 2022ರಿಂದ. ವರ್ಜೀನಿಯಾವನ್ನೇ ಆರಿಸಿಕೊಂಡವರ ತಪ್ಪಿಗೆ ಕ್ಲೌಡ್ ಏನು ಮಾಡಬೇಕು?

ಇಂಜಿನಿಯರ್: ಮುಂಬೈಯಲ್ಲಿದ್ದರೆ ಪೂರ್ತಿ ಕ್ಷೇಮ ಎನ್ನುವುದೂ ತಪ್ಪು. ಅಮೆಜಾನ್‌ನಲ್ಲಿ ಬಳಕೆದಾರರ ಅನುಮತಿಗಳನ್ನು ಬದಲಿಸುವ ವ್ಯವಸ್ಥೆ ವರ್ಜೀನಿಯಾದಲ್ಲಿದೆ. ಅಲ್ಲಿ ತೊಂದರೆಯಾದಾಗ ಮುಂಬೈಯ ಸರ್ವರ್ ಓಡುತ್ತಿರಬಹುದು, ಆದರೆ ಅದರ ಅನುಮತಿಯನ್ನು ಬದಲಿಸಲು ನಿಮ್ಮಿಂದ ಆಗದೆ ಹೋಗಬಹುದು.

ಉಡುಪಿಯ ಸದಸ್ಯೆ: ನಮ್ಮ ಶಾಲೆಯ ಆ್ಯಪ್ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿದೆ. ಪರೀಕ್ಷೆಯ ವಾರದಲ್ಲಿ ನಾವು ಯಾವ ಮುನ್ನೆಚ್ಚರಿಕೆ ವಹಿಸಬೇಕು?

ದಾವಣಗೆರೆಯ ಸದಸ್ಯ: ಸೇವೆ ನಿಂತರೆ ಪರಿಹಾರ ಎಷ್ಟು ಸಿಗುತ್ತದೆ ಸರ್?

ಇಂಜಿನಿಯರ್: ಮೇಲೆ ಬರೆದಿದ್ದೇನೆ.

ಮಂಗಳೂರಿನ ಸದಸ್ಯ: ಇನ್ನೊಂದು ಸಂದೇಶ: ‘ಕ್ಲೌಡ್‌ಫ್ಲೇರ್ ನಿಂತರೆ ಅದು ಶತ್ರು ದೇಶದ ದಾಳಿ, ತಕ್ಷಣ ಪ್ರಾಕ್ಸಿ ತೆಗೆಯಿರಿ.’

ಇಂಜಿನಿಯರ್: ಕ್ಲೌಡ್‌ಫ್ಲೇರ್ ಎಂದರೆ ಜಾಲತಾಣಗಳ ಮುಂದೆ ನಿಂತು ಅವನ್ನು ಕಾಯುವ ಸೇವೆ, ಹಾಗೆ ನಡುವೆ ನಿಲ್ಲುವುದನ್ನೇ ಪ್ರಾಕ್ಸಿ ಎನ್ನುತ್ತಾರೆ. 2025ರ ನವೆಂಬರ್ 18ರಂದು ಅದು ನಿಂತದ್ದು ದಾಳಿಯಿಂದಲ್ಲ. ಡೇಟಾಬೇಸ್ ಅನುಮತಿಯ ಬದಲಾವಣೆಯಿಂದ ಬಾಟ್ (ಜಾಲತಾಣಗಳಿಗೆ ತಾನಾಗಿ ಬರುವ ಪ್ರೋಗ್ರಾಂ) ಪತ್ತೆಯ ಕಡತವೊಂದು ದುಪ್ಪಟ್ಟಾಗಿ, ಪ್ರೋಗ್ರಾಂ ಅದನ್ನು ನುಂಗಲಾರದೆ ಬಿತ್ತು. ಹೊರಗಡೆ ಇಟ್ಟಿದ್ದ ಅವರ ಸ್ಟೇಟಸ್ ಪೇಜ್ ಕಾಕತಾಳೀಯವಾಗಿ ಅದೇ ಹೊತ್ತಿಗೆ ಕೆಟ್ಟಿದ್ದರಿಂದ ಅವರ ಇಂಜಿನಿಯರ್‌ಗಳೂ ಮೊದಲು ದಾಳಿಯೆಂದೇ ಶಂಕಿಸಿದ್ದರು. ಪ್ರಾಕ್ಸಿ ತೆಗೆದರೆ ನಿಮ್ಮ ಸರ್ವರ್‌ನ ನಿಜವಾದ ವಿಳಾಸ ಬಯಲಾಗುತ್ತದೆ, ಅದನ್ನು ಕಾಯುವವರೂ ಇರುವುದಿಲ್ಲ. ಇವತ್ತು ಬೆಳಿಗ್ಗೆ ಇಂಥದೇ ಸಂದೇಶದಿಂದ ರೈತರ ಲೆಕ್ಕ ಅಳಿಸಿದ್ದನ್ನು ಓದಿದ ಮೇಲೂ ಇದನ್ನು ಇಲ್ಲಿ ಹಾಕಿದ್ದೀರಿ. ಇನ್ನೊಂದು ಬಂದರೆ ನಾನು ಉತ್ತರಿಸುವುದಿಲ್ಲ.

ಮಂಗಳೂರಿನ ಸದಸ್ಯ: ಕೇಳಿದ್ದೇ ತಪ್ಪಾಯಿತೇ? ತಿಳಿದವರು ತಿಳಿಯದವರ ಮೇಲೆ ರೇಗಬಾರದು.

ಕಲಬುರಗಿಯ ಸದಸ್ಯ: ತಿಳಿಯದಿದ್ದರೆ ಫಾರ್ವರ್ಡ್ ಮಾಡಬಾರದು.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಬಳ್ಳಾರಿಯ ಸದಸ್ಯ: 99.99 ಪ್ರತಿಶತಕ್ಕೆ ಪರಿಹಾರ ಹೇಗೆ ಕೇಳಬೇಕು?

ಇಂಜಿನಿಯರ್: ಓದಿ. ಹಾಸನದವರೇ, ಏನಾಯಿತು?

ಹಾಸನ ಜಿಲ್ಲೆಯ ಸದಸ್ಯ: ಆರು ಡೇರಿಗಳಲ್ಲಿ ಇನ್ನೂ ಆಫ್ ಮಾಡಿರಲಿಲ್ಲ. ನಾಲ್ಕು ಕಡೆಯಿಂದ ಫೋಟೋ ಬಂದಿವೆ. ಉಳಿದ ಎರಡು ಕಡೆ ಫೋನ್ ಎತ್ತುತ್ತಿಲ್ಲ, ಬೈಕ್‌ನಲ್ಲಿ ಹೊರಟಿದ್ದೇನೆ.