ಪಲ್ಸ್ ಏರುತ್ತಿದೆ, ಬಿಪಿ ನಾರ್ಮಲ್: ಆಪರೇಷನ್ ಆದ ರೋಗಿಯ ಆರೈಕೆ ಬಗ್ಗೆ ಕೋಲಾರದ ಗುಂಪಿನಲ್ಲಿ ಪ್ರಶ್ನೋತ್ತರ

ಅಡ್ಮಿನ್: ಸರ್ಜಿಕಲ್ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ರಾತ್ರಿ 9ರವರೆಗೆ ಉತ್ತರ ಕೊಡುತ್ತಾರೆ. ನರ್ಸ್‌ಗಳು, ವಿದ್ಯಾರ್ಥಿಗಳು, ರೋಗಿಗಳ ಮನೆಯವರು ಯಾರು ಬೇಕಾದರೂ ಕೇಳಬಹುದು.

ಮಾಲೂರು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ: ನಮಸ್ತೆ ಸಿಸ್ಟರ್. ನಾಳೆ ಬೆಳಿಗ್ಗೆ ಹರ್ನಿಯಾ ಕೇಸ್. ರಾತ್ರಿಯಿಂದಲೇ ನೀರೂ ಕೊಡಬಾರದಾ? ಇನ್ನೊಂದು, ಡ್ರೈನ್ (ಆಪರೇಷನ್ ಜಾಗದ ರಕ್ತ, ನೀರು ಹೊರಗೆ ಬರಲು ಇಡುವ ಟ್ಯೂಬ್) ಯಾವಾಗ ತೆಗೆಯುತ್ತಾರೆ?

ಸಿಸ್ಟರ್: ನಮಸ್ತೆ ಅಮ್ಮ. ಮುದ್ದೆ, ಅನ್ನ ತಿಂದು ಕನಿಷ್ಠ 6 ಗಂಟೆ ಆಗಿರಬೇಕು. ಬಾಡೂಟ, ಎಣ್ಣೆ ತಿಂಡಿ ಆದರೆ 8 ಗಂಟೆ. ಬರೀ ನೀರನ್ನು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಾಲು, ರಾಗಿ ಅಂಬಲಿ ನೀರಲ್ಲ, ಊಟದ ಲೆಕ್ಕ. ಶುಗರ್ ಇರುವವರು, ಬಸುರಿಯರು, ತುರ್ತು ಕೇಸ್ ಆದರೆ ಅರಿವಳಿಕೆ ಡಾಕ್ಟರ್ ಹೇಳಿದಂತೆ ಮಾಡಿ.

ಶ್ರೀನಿವಾಸಪುರ, ಸ್ಟಾಫ್ ನರ್ಸ್: ಸಿಸ್ಟರ್, ಈಗ ಡ್ಯೂಟಿಯಲ್ಲಿದ್ದೇನೆ. ಪಿತ್ತಕೋಶದ ಆಪರೇಷನ್ ಆಗಿ 4 ಗಂಟೆ ಆಯಿತು. ತೂಕ 60 ಕೆಜಿ. ವಾರ್ಡಿಗೆ ಬಂದಾಗ ಪಲ್ಸ್ 84, ಆಮೇಲೆ 98, ಈಗ 118. ಬಿಪಿ 122/76 ಇತ್ತು, ಈಗ 112/84. ಡ್ರೈನಿನಲ್ಲಿ 20 ಎಂಎಲ್ ಅಷ್ಟೇ. ಯೂರಿನ್ 3 ಗಂಟೆಗೆ 45 ಎಂಎಲ್. ಒಂದು ಕಡೆ ಮಲಗುತ್ತಿಲ್ಲ, ಬಾಯಾರಿಕೆ ಅಂತಾರೆ. ಬಿಪಿ ನಾರ್ಮಲ್ ಅಲ್ವಾ, ನೋವಿನ ಇಂಜೆಕ್ಷನ್ ಕೊಟ್ಟು ನೋಡಲಾ? ಕೇಸ್ ಶೀಟ್ ಫೋಟೊ ಹಾಕಿದ್ದೇನೆ.

ಸಿಸ್ಟರ್: ಮೊದಲು ಸರ್ಜನ್‌ಗೆ ಫೋನ್ ಮಾಡಿ. ಆಮೇಲೆ ಓದಿ. ಆ ಫೋಟೊ ತೆಗೆಯಿರಿ, ರೋಗಿಯ ಹೆಸರು ಕಾಣುತ್ತಿದೆ.

ಇದು ಬರೀ ನೋವು ಅಂತ ನನಗೆ ಅನಿಸುತ್ತಿಲ್ಲ. ಒಳಗೆ ರಕ್ತ ಸೋರುತ್ತಿರಬಹುದು. ರಕ್ತ ಕಡಿಮೆಯಾದಾಗ ಹೃದಯ ಜೋರಾಗಿ ಓಡುತ್ತೆ, ರಕ್ತನಾಳಗಳು ಬಿಗಿಯಾಗುತ್ತವೆ. ಹಾಗಾಗಿ ಬಿಪಿ ಸ್ವಲ್ಪ ಹೊತ್ತು ನಿಲ್ಲುತ್ತೆ. ಮೈಯ ರಕ್ತದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗುವವರೆಗೂ ಮೇಲಿನ ಬಿಪಿ ಇಳಿಯದೇ ಇರಬಹುದು. ನಿಮ್ಮ ಅಂಕಿಗಳನ್ನೇ ನೋಡಿ. ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಅಂತರ 46 ಇತ್ತು, 28ಕ್ಕೆ ಬಂದಿದೆ. ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಅಂದರೂ 3 ಗಂಟೆಗೆ 90 ಎಂಎಲ್ ಯೂರಿನ್ ಬರಬೇಕಿತ್ತು. ಅರ್ಧ ಬಂದಿದೆ. ಡ್ರೈನ್ ಖಾಲಿ ಅಂತ ಧೈರ್ಯ ಬೇಡ, ಹೆಪ್ಪು ಕಟ್ಟಿ ಟ್ಯೂಬ್ ಮುಚ್ಚಿಕೊಂಡಿರಬಹುದು.

ಕೈಕಾಲು ತಣ್ಣಗಿದೆಯಾ ಮುಟ್ಟಿ ನೋಡಿ. ಹೊಟ್ಟೆ ಉಬ್ಬಿದೆಯಾ? ಡ್ರೆಸ್ಸಿಂಗ್ ಮೇಲಷ್ಟೇ ನೋಡಬೇಡಿ, ಬೆನ್ನ ಕೆಳಗೆ ಕೈ ಹಾಕಿ, ರಕ್ತ ಅಲ್ಲಿಗೆ ಹರಿದಿರಬಹುದು. ಬಾಯಿಗೆ ಏನೂ ಕೊಡಬೇಡಿ, ಮತ್ತೆ ಒಟಿಗೆ (ಆಪರೇಷನ್ ಥಿಯೇಟರ್‌ಗೆ) ಹೋಗಬೇಕಾಗಬಹುದು. ಡಾಕ್ಟರ್ ಕೇಳಿ ಆಕ್ಸಿಜನ್ ಹಾಕಿ, ಹಸಿರು ಅಥವಾ ಬೂದು ಕ್ಯಾನುಲಾದಲ್ಲಿ (ಡ್ರಿಪ್‌ಗೆ ರಕ್ತನಾಳಕ್ಕೆ ಹಾಕುವ ದಪ್ಪ ಸೂಜಿ-ಕೊಳವೆ) ಇನ್ನೊಂದು ಲೈನ್ ಹಾಕಿ, ಹಿಮೋಗ್ಲೋಬಿನ್‌ಗೂ ಕ್ರಾಸ್‌ಮ್ಯಾಚ್‌ಗೂ (ಕೊಡುವ ರಕ್ತ ಹೊಂದುತ್ತಾ ನೋಡುವ ಟೆಸ್ಟ್) ರಕ್ತ ಕಳಿಸಿ. ನೋವಿನ ಇಂಜೆಕ್ಷನ್ ಸರ್ಜನ್ ನೋಡಿದ ಮೇಲೆ. ಬಿಪಿಗೆ ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ಪಲ್ಸ್ ಕೂಡ ಏರದೇ ಇರಬಹುದು, ಅದನ್ನೂ ಕೇಳಿ. ಫೋನಿನಲ್ಲಿ ‘ರೋಗಿ ಚೆನ್ನಾಗಿಲ್ಲ’ ಅನ್ನಬೇಡಿ. ಮೂರೂ ಪಲ್ಸ್, ಎರಡೂ ಬಿಪಿ, ಯೂರಿನ್ ಹೇಳಿ, ‘ಸರ್, ನೀವು ಬಂದು ನೋಡಬೇಕು’ ಅನ್ನಿ. ಫೋನ್ ಮಾಡಿದ ಟೈಮ್ ಬರೆದಿಡಿ.

ಮುಳಬಾಗಿಲು, ಸದಸ್ಯರು: ಉಪಯುಕ್ತ ಮಾಹಿತಿ. ಹೊಲಿಗೆ ಬೇಗ ಒಣಗಲು ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ. ಬೇಳೆ, ಮೊಟ್ಟೆ, ಬದನೆಕಾಯಿ 40 ದಿನ ನಂಜು. ಎಲ್ಲರಿಗೂ ಹಂಚಿ.

ಸಿಸ್ಟರ್: ದಯವಿಟ್ಟು ಹಂಚಬೇಡಿ. ಹೊಲಿಗೆ ಮೇಲೆ ಅಡುಗೆಮನೆಯ ಯಾವ ಪುಡಿಯೂ ಬೇಡ. ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕು, ಅದು ಬೇಳೆ, ಮೊಟ್ಟೆಯಲ್ಲೇ ಇರೋದು. ಡಾಕ್ಟರ್ ಊಟ ಶುರು ಮಾಡಿ ಅಂದ ಮೇಲೂ ಬರೀ ಗಂಜಿ ಕೊಟ್ಟು ರೋಗಿಯನ್ನು ಸೊರಗಿಸುತ್ತೀರಿ.

ಬಂಗಾರಪೇಟೆ, ಸದಸ್ಯೆ: ನಮ್ಮತ್ತೆಗೆ ಅರಿಶಿನ ಹಚ್ಚೇ ವಾಸಿ ಆಗಿದ್ದು. ಹಿರಿಯರು ಹೇಳಿದ್ದೆಲ್ಲ ಸುಳ್ಳಾ?

ಕೋಲಾರ, ಸ್ಟಾಫ್ ನರ್ಸ್: ಅಕ್ಕ, ಅತ್ತೆಯವರಿಗೆ ಆಂಟಿಬಯಾಟಿಕ್ ಕೂಡ ಕೊಟ್ಟಿದ್ದರು ಅಲ್ವಾ? ಕೀವು ತುಂಬಿದ ಗಾಯ ತೊಳೆಯೋದು ನಾವು.

ಬಂಗಾರಪೇಟೆ, ಸದಸ್ಯೆ: ನಾಲ್ಕು ಅಕ್ಷರ ಕಲಿತರೆ ದೊಡ್ಡವರಿಗೆ ಹೀಗಾ ಮಾತಾಡೋದು?

ಮುಳಬಾಗಿಲು, ಸದಸ್ಯರು: ಸರಿಯಾಗಿ ಹೇಳಿದಿರಿ ಅಕ್ಕ. ಇವರಿಗೆ ಇಂಗ್ಲಿಷ್ ಔಷಧಿ ಬಿಟ್ಟರೆ ಬೇರೆ ಗೊತ್ತಿಲ್ಲ.

ಕೆಜಿಎಫ್, ರೋಗಿಯ ಮಗ: ಮೇಡಂ, ಅಮ್ಮನಿಗೆ ಸೊಂಟದ ಮೂಳೆ ಆಪರೇಷನ್ ಆಗಿ 6 ದಿನ. ಎಡಗಾಲಿನ ಮೀನಖಂಡ ಊದಿದೆ, ಬಿಸಿಯಾಗಿದೆ, ನೋವು. ಹರಳೆಣ್ಣೆ ಹಚ್ಚಿ ತಿಕ್ಕಿ ಅಂತ ಒಂದು ಮೆಸೇಜ್ ಬಂದಿತ್ತು.

ಸಿಸ್ಟರ್: ತಿಕ್ಕಬೇಡಿ! ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಡೆಸಬೇಡಿ. ಇವತ್ತೇ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಆ ಮೆಸೇಜ್ ಕಳಿಸಿದವರಿಗೂ ಇದನ್ನು ತೋರಿಸಿ.

ಚಿಂತಾಮಣಿ, ಸದಸ್ಯರು: ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಊಟ ಬಿಡಬೇಕು ಮೇಡಂ?

ಸಿಸ್ಟರ್: ಮೇಲೆ ಬರೆದಿದ್ದೇನೆ.

ಗೌರಿಬಿದನೂರು, ಸದಸ್ಯರು: ಹಾಲು ಕುಡಿಯಬಹುದಾ?

ಸಿಸ್ಟರ್: ಅದೂ ಇದೆ. ಓದಿ.

ಮಾಲೂರು, ಜಿಎನ್‌ಎಂ ವಿದ್ಯಾರ್ಥಿನಿ: ಸಿಸ್ಟರ್, ಡ್ರೈನ್ ಬಗ್ಗೆ ಕೇಳಿದ್ದೆ.

ಮುಳಬಾಗಿಲು, ಸದಸ್ಯರು: ಅರಿಶಿನದ ಬಗ್ಗೆ ಒಂದು ವಿಡಿಯೊ ಕಳಿಸುತ್ತೇನೆ, ಎಲ್ಲರೂ ನೋಡಿ ಮಾತಾಡಿ.

ಸಿಸ್ಟರ್: ಕಳಿಸಿದರೆ ನಾನು ಈ ಗುಂಪಿನಲ್ಲಿ ಇರಲ್ಲ. ಒಂದು ಕಡೆ ಜೀವ ಹೋಗುವ ಕೇಸ್ ಇದೆ, ನೀವು ಅರಿಶಿನ ಹಿಡಿದುಕೊಂಡಿದ್ದೀರಿ. ಶ್ರೀನಿವಾಸಪುರದವರು ಎಲ್ಲಿ? ಏನಾಯಿತು?

ಶ್ರೀನಿವಾಸಪುರ, ಸ್ಟಾಫ್ ನರ್ಸ್: ಸರ್ ಬಂದರು ಸಿಸ್ಟರ್. ಹೊಟ್ಟೆ ಉಬ್ಬಿತ್ತು. ಒಟಿಗೆ ಕರೆದುಕೊಂಡು ಹೋದರು.

ಸಿಸ್ಟರ್: ಸರಿ. ವಾಪಸ್ ಬಂದ ಮೇಲೆ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ಪಲ್ಸ್ ನೋಡಿ, ಬೆರಳಿಟ್ಟು ನೋಡಿ. ಯೂರಿನ್ ಗಂಟೆಗೊಮ್ಮೆ ಬರೆಯಿರಿ. ರಾತ್ರಿ ಡ್ಯೂಟಿಯವರಿಗೆ ಹಾಸಿಗೆ ಪಕ್ಕದಲ್ಲೇ ನಿಂತು ಹ್ಯಾಂಡೋವರ್ ಕೊಡಿ, ರೋಗಿಯ ಸ್ಥಿತಿ ಎಲ್ಲ ಹೇಳಿ ಒಪ್ಪಿಸಿ.

ಬಂಗಾರಪೇಟೆ, ಸದಸ್ಯೆ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಅಡ್ಮಿನ್: 9 ಗಂಟೆ ಆಯಿತು. ಗುಂಪು ಲಾಕ್ ಮಾಡುತ್ತಿದ್ದೇನೆ.